ಊರಿಗೆಲ್ಲ ದೊಡ್ಡವ್ವ ಆಗಿದ್ದವರ ಬದುಕು ಬರೆದಿಡೋದು ಹೇಗೆ? ಸುಣ್ಣ ಬಳಿಯೋಕೆ ಮುಂಚೆ ಶುರು ಮಾಡಿ

ನಮ್ಮ ಅಜ್ಜಿ ತೀರಿಕೊಂಡ ಮಾರನೇ ದಿನವೇ ಬಸ್ ನಿಲ್ಲುವ ಜಾಗದಲ್ಲಿ ಫ್ಲೆಕ್ಸ್ ಎದ್ದಿತ್ತು. ಫೋಟೋ, ಆಚೆ ಈಚೆ ಎರಡು ದೀಪ, ಕೆಳಗೆ "ಮಮತಾಮಯಿ, ತ್ಯಾಗಮೂರ್ತಿ". ಹಿಂದಿನ ತಿಂಗಳು ಮೇಲಿನ ಬೀದಿಯ ಇನ್ನೊಬ್ಬ ಅಜ್ಜಿ ಹೋದಾಗಲೂ ಇವೇ ದೀಪ, ಇವೇ ಎರಡು ಪದ. ಫೋಟೋ ಮಾತ್ರ ಬೇರೆ.

ನಮ್ಮಜ್ಜಿ ಹೆರಿಗೆ ಮಾಡಿಸುತ್ತಿದ್ದಳು. ಸೋಬಾನೆ ಪದಕ್ಕೆ ಅವಳೇ ಮೊದಲು ಬಾಯಿ ತೆಗೆಯಬೇಕಿತ್ತು. ನಾನೂರು ಜನಕ್ಕೆ ಅನ್ನ ಬಸಿಯುವಾಗ ಗಂಡಸರಿಗೆ ಎಲ್ಲಿ ಕೈ ಹಿಡೀಬೇಕು ಅಂತ ಹೇಳಿಕೊಡುತ್ತಿದ್ದಳು, ಚೀಟಿ ನಡೆಸುತ್ತಿದ್ದಳು, ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ರಾತ್ರಿ ಎದ್ದು ಹೋಗುತ್ತಿದ್ದಳು, ಗಂಡ ಹೆಂಡಿರ ಜಗಳಕ್ಕೆ ನ್ಯಾಯ ಹೇಳುತ್ತಿದ್ದಳು. ಮಂಡ್ಯದ ನಾಲೆ ಬಯಲಿನ ಹಳ್ಳಿಗಳಲ್ಲಿ ಇಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಿಮ್ಮೂರಲ್ಲೂ ಇರಬಹುದು, ಅಥವಾ ಈಗಷ್ಟೇ ಹೋಗಿರಬಹುದು. ಅವರ ಬದುಕನ್ನು ಬರೆದಿಡಬೇಕು ಅಂತಿದ್ದರೆ, ಮೈಸೂರಿನಿಂದ ಊರಿಗೆ ಶನಿವಾರ ಶನಿವಾರ ಓಡಾಡಿ, ಎಡವಿ, ಮನೆಯವರ ಹತ್ತಿರ ಬೈಸಿಕೊಂಡು ನಾನು ಕಲಿತಿದ್ದನ್ನು ಹೇಳುತ್ತೇನೆ.

ಮೊದಲನೇ ಮಾತು: ಮನೆಯವರನ್ನು ಕೊನೆಗೆ ಕೇಳಿ. ಮನೆಯವರಿಗೆ ಗೊತ್ತಿರೋದು ಅಡುಗೆ ಮಾಡಿ ಹಾಕಿದ ಅಜ್ಜಿ ಮಾತ್ರ. ಮಿಕ್ಕ ಅಜ್ಜಿ ಹೊರಗಿನವರ ಹತ್ತಿರ ಇರುತ್ತಾಳೆ.

ತಿಥಿ ದಿನ ಎಲ್ಲಿ ಕೂರಬೇಕು

ನಮ್ಮ ಕಡೆ ಮೂರನೇ ದಿನ ಹಾಲು ತುಪ್ಪ, ಹನ್ನೊಂದನೇ ದಿನ ತಿಥಿ. ಅವತ್ತು ಅವಳ ಕೈಯಲ್ಲಿ ಹುಟ್ಟಿದವರು, ಅವಳ ಹತ್ತಿರ ಸಾಲ ಮಾಡಿದವರು, ಬೈಸಿಕೊಂಡವರು ಎಲ್ಲರೂ ಒಂದೇ ಶಾಮಿಯಾನದ ಕೆಳಗೆ ಬರುತ್ತಾರೆ. ಇನ್ನೊಂದು ಸಲ ಹಾಗೆ ಸೇರೋದಿಲ್ಲ. ಅದಕ್ಕೇ ದುಃಖ ಎಷ್ಟೇ ಇರಲಿ, ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟುಕೊಳ್ಳಿ. ಬಡಿಸೋ ಕೆಲಸ ತಮ್ಮಂದಿರಿಗೆ ಬಿಡಿ.

ಹಾರ ಹಾಕಿದ ಫೋಟೋ ಮುಂದೆ ಕೂರಬೇಡಿ. ಅಲ್ಲಿ ಎಲ್ಲರೂ ಕೈ ಮುಗಿದು "ಪುಣ್ಯವಂತೆ" ಅಂತ ಹೇಳಿ ಮುಂದೆ ಹೋಗುತ್ತಾರೆ, ತಪ್ಪೇನಿಲ್ಲ, ಆ ಜಾಗ ಇರೋದೇ ಅದಕ್ಕೆ. ಊಟ ಮಾಡಿ ಕೈ ತೊಳೆದು ಎಲೆಅಡಿಕೆ ತಟ್ಟೆ ಹತ್ತಿರ ಬರುತ್ತಾರಲ್ಲ, ಅಲ್ಲೊಂದು ಕುರ್ಚಿ ಹಾಕಿಕೊಳ್ಳಿ. ಹೊಟ್ಟೆ ತುಂಬಿರುತ್ತೆ, ಬಸ್ಸಿಗೆ ಇನ್ನೂ ಟೈಮ್ ಇರುತ್ತೆ, ಅಡಿಕೆ ಬಾಯಿಗೆ ಬಿದ್ದ ಮೇಲೆ ಮಾತು ತಾನಾಗೇ ಬರುತ್ತೆ.

"ಅಜ್ಜಿ ಹೇಗಿದ್ದರು?" ಅಂತ ಕೇಳಿದರೆ "ಒಳ್ಳೇರು ಕಣಪ್ಪ" ಅನ್ನೋದು ಬಿಟ್ಟು ಏನೂ ಸಿಗಲ್ಲ. ನಾನು ಮೊದಲ ಅರ್ಧ ಗಂಟೆ ಅದನ್ನೇ ಕೇಳಿ ಹಾಳು ಮಾಡಿಕೊಂಡೆ. ಆಮೇಲೆ ಯಾಕೋ ಒಬ್ಬರನ್ನು "ನಿಮಗೆ ಅಜ್ಜಿ ಯಾವಾಗಾದ್ರೂ ಬೈದಿದ್ರಾ?" ಅಂತ ಕೇಳಿದೆ. ಅಷ್ಟೇ, ಅಲ್ಲಿದ್ದ ಐದಾರು ಜನ ಒಟ್ಟಿಗೆ ನಕ್ಕರು, ಒಬ್ಬೊಬ್ಬರಾಗಿ ಶುರು ಮಾಡಿದರು. ಒಬ್ಬರು ಹಿರಿಯರು ಹೇಳಿದ್ದು ಹೀಗೆ: "ಮಂಡ್ಯಕ್ಕೆ ಪರೀಕ್ಷೆ ಬರಿಯಾಕ್ ಹೋಗ್ಬೇಕಿತ್ತು, ಇಪ್ಪತ್ರುಪಾಯ್ ಕೊಟ್ಟಿದ್ರು ಕಣಪ್ಪ. ಕೆಲ್ಸ ಸಿಕ್ಕದ್ ಮ್ಯಾಕೆ ವಾಪಸ್ ಕೊಡಾಕ್ ಹೋದ್ರೆ ಈಸ್ಕೊಳ್ಳಿಲ್ಲ. ಆದ್ರೆ ಮೂವತ್ತೊರ್ಷ, ಸಿಕ್ಕಿದಾಗೆಲ್ಲ, ನಾಲ್ಕ್ ಜನದ್ ಮುಂದೆ, 'ಲೇ, ನನ್ ಇಪ್ಪತ್ರುಪಾಯ್ ಎಲ್ಲಾ?' ಅನ್ನೋರು." ಇದರಲ್ಲಿ ಅವಳ ದಾನವೂ ಇದೆ, ಕೊಂಕೂ ಇದೆ. ತ್ಯಾಗಮೂರ್ತಿ ಅನ್ನೋ ಪದದಲ್ಲಿ ಈ ಎರಡನೆಯದಕ್ಕೆ ಜಾಗವೇ ಇಲ್ಲ ನೋಡಿ.

ಪ್ರತಿಯೊಬ್ಬರ ಹೆಸರು, ಯಾವ ಬೀದಿ, ಫೋನ್ ನಂಬರ್ ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ. ಪೂರ್ತಿ ಕಥೆ ಅವತ್ತೇ ಬರೆಯೋಕೆ ಹೋಗಬೇಡಿ. "ಇಪ್ಪತ್ತು ರೂಪಾಯಿ, ಪರೀಕ್ಷೆ" ಅಂತ ಎರಡು ಪದ ಸಾಕು, ಮುಂದಿನ ವಾರ ಅವರ ಮನೆಗೇ ಹೋಗಿ ಕೂರಿ.

ನೀವು ಬರೆಯಬೇಕು ಅಂತಿರುವ ಅಜ್ಜಿ ಇನ್ನೂ ಬದುಕಿದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಎದುರಿಗೆ ಫೋನ್ ಹಿಡಿದು "ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜಿ" ಅನ್ನಬೇಡಿ, ಪಾಪ, ಏನು ಹೇಳಬೇಕು ಅವರು? ಅವರೆಕಾಯಿ ಸುಲಿಯೋಕೆ ಕೂತಾಗ ನೀವೂ ಒಂದು ಮೊರ ಎಳೆದುಕೊಂಡು ಕೂರಿ. ಕೈಗೆ ಕೆಲಸ ಇದ್ದರೆ ಬಾಯಿ ಸಲೀಸು.

ಗೋಡೆ, ಟ್ರಂಕು, ಎಲೆಅಡಿಕೆ ಚೀಲ

ಇದು ನನ್ನ ದೊಡ್ಡ ತಪ್ಪು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಎಲ್ಲಾ ಅಡುಗೆ ಮನೆ ಬಾಗಿಲ ಹಿಂದಿನ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದಳು. ನಾಲ್ಕು ಉದ್ದ ಗೆರೆ, ಮೇಲೊಂದು ಅಡ್ಡ ಗೆರೆ, ಅದು ಐದು. ಪಕ್ಕದಲ್ಲಿ ಒಂದು ಗುರುತು. ಬಳೆ ಥರ ಸುತ್ತು ಇದ್ದರೆ ಒಬ್ಬರು, ಮೂರು ಚುಕ್ಕೆ ಇದ್ದರೆ ಇನ್ನೊಬ್ಬರು, ಬಾಚಣಿಗೆ ಥರ ಇದ್ದರೆ ಮತ್ತೊಬ್ಬರು. ಯಾವ ಗುರುತು ಯಾರದು ಅಂತ ಅವಳಿಗೆ ಮಾತ್ರ ಗೊತ್ತಿತ್ತು. ಇಪ್ಪತ್ತು ಜನರ ಚೀಟಿ ವರ್ಷಗಟ್ಟಲೆ ಹಾಗೇ ನಡೆಯಿತು, ಒಂದು ಜಗಳ ಇಲ್ಲ. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳು ಬಂದು ಪುಸ್ತಕ, ಸಹಿ ಎಲ್ಲಾ ಶುರುವಾದ ಮೇಲೂ ಅವಳು ಮನೆಗೆ ಬಂದು ಗೋಡೆ ಮೇಲೆ ಒಂದು ಗೆರೆ ಎಳೆದೇ ಮಲಗುತ್ತಿದ್ದಳಂತೆ.

ತಿಥಿಗೆ ಮುಂಚೆ ಸೂತಕ ಕಳೆಯಬೇಕಲ್ಲ, ಮನೆ ತೊಳೆದು ಸುಣ್ಣ ಬಳಿಸಿದೆವು. ಸುಣ್ಣದ ಪೊರಕೆ ಹಿಡಿದಿದ್ದವನು ನಾನೇ. ಬಾಗಿಲ ಹಿಂದಕ್ಕೂ ಚೆನ್ನಾಗಿ ಎರಡು ಕೋಟು ಹೊಡೆದೆ.

ಹಾಗಾಗಿ, ಯಾರೂ ಏನನ್ನೂ ಮುಟ್ಟೋಕೆ ಮುಂಚೆ, ಮನೆಯ ಪ್ರತಿ ಗೋಡೆ, ಗೂಡು, ಬಾಗಿಲ ಹಿಂಭಾಗ, ಒಲೆ, ಒಳಕಲ್ಲು, ಹಿತ್ತಲು ಎಲ್ಲದರ ಫೋಟೋ ತೆಗೆಯಿರಿ. ಟ್ರಂಕಿನಿಂದ ಒಂದೊಂದೇ ಸಾಮಾನು ತೆಗೆಯುವಾಗಲೂ ಅಷ್ಟೇ. ಬಟ್ಟೆಬರೆ ಹಂಚುವ ಅವಸರ ಎಲ್ಲರಿಗೂ ಇರುತ್ತೆ, ಒಂದು ದಿನ ತಡೆಯಿರಿ ಅಂತ ಕೇಳಿಕೊಳ್ಳಿ. ಅಜ್ಜಿಯ ಎಲೆಅಡಿಕೆ ಚೀಲ ಮಾತ್ರ ನನಗೆ ಉಳಿಯಿತು. ಒಳಗೆ ಸುಣ್ಣದ ಡಬ್ಬಿ, ಅಡಕತ್ತರಿ, ಎರಡು ಪಿನ್ನು, ಬಸ್ ಟಿಕೆಟ್ ಒಂದು, ಕಾಗದದಲ್ಲಿ ಸುತ್ತಿದ್ದ ಹೊಸ ಬ್ಲೇಡು. ಬ್ಲೇಡು ಯಾಕೆ ಅಂತ ನಮ್ಮಮ್ಮನಿಗೂ ಗೊತ್ತಿರಲಿಲ್ಲ. ಪಕ್ಕದ ಮನೆ ಅತ್ತೆ ನೋಡಿ ತಕ್ಷಣ ಹೇಳಿದರು, ಹೊಕ್ಕುಳ ಬಳ್ಳಿ ಕುಯ್ಯೋಕೆ, ಹೆರಿಗೆ ಕೆಲಸ ಬಿಟ್ಟು ಇಪ್ಪತ್ತು ವರ್ಷ ಆದರೂ ಇಟ್ಟುಕೊಂಡೇ ಇದ್ದರು ಅಂತ.

ಹಳೇ ಫೋಟೋಗಳ ವಿಷಯ: ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಹರಿಯುತ್ತೆ. ಕಿಟಕಿ ಪಕ್ಕ ನೆರಳಲ್ಲಿಟ್ಟು ಫ್ಲ್ಯಾಶ್ ಇಲ್ಲದೆ ಮೇಲಿಂದ ನೆಟ್ಟಗೆ ತೆಗೆಯಿರಿ. ಬಿಡಿ ಫೋಟೋ ಆದರೆ ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋ ಸೀಲಿನ ಜೊತೆ ವರ್ಷ ಇರುವ ಚಾನ್ಸ್ ಇದೆ.

"ದೊರೆ ತೀರಿಕೊಂಡ ವರ್ಷ" ಅಂದರೆ ಯಾವ ದೊರೆ?

ಆಧಾರ್ ನೋಡಿ ಹುಟ್ಟಿದ ದಿನ ಬರೆಯಬೇಡಿ. ಆ ತಲೆಮಾರಿನ ಎಷ್ಟೋ ಜನರಿಗೆ ಜನವರಿ 1 ಅಂತಲೇ ಇರುತ್ತೆ. ಪಹಣಿಯಲ್ಲಿ ತಾತನ ಹೆಸರಿರುತ್ತೆ, ಅಜ್ಜಿಯದು ಇರೋದು ಅಪರೂಪ. ಮತದಾರರ ಪಟ್ಟಿಯಲ್ಲಿ ಒಂಥರಾ, ರೇಷನ್ ಕಾರ್ಡಲ್ಲಿ ಇನ್ನೊಂಥರಾ. ಕಾಗದ ಪತ್ರ ಹೆಂಗಸರ ಬಗ್ಗೆ ಹೇಳೋದು ತುಂಬಾ ಕಮ್ಮಿ.

ಹಳಬರು ವರ್ಷವನ್ನು ಇಸವಿಯಲ್ಲಿ ನೆನಪಿಟ್ಟುಕೊಳ್ಳೋದಿಲ್ಲ, ಘಟನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಒಂದು ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹೋಗಿ. ನಮ್ಮ ಕಡೆಗೆ ಹೊಂದುವಂಥದ್ದು ಹೇಳುತ್ತೇನೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಮೊದಲಲ್ಲಿ ಮುಗಿಯಿತು, ನಾಲೆಯಲ್ಲಿ ನೀರು ಬಂದಿದ್ದು, ಕಬ್ಬು ಬಂದಿದ್ದು ಆ ಹೊತ್ತಿಗೇ. ಮಂಡ್ಯದ ಸಕ್ಕರೆ ಕಂಪನಿ 1933. ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ 1938. ಮಂಡ್ಯ ಬೇರೆ ಜಿಲ್ಲೆ ಆಗಿದ್ದು 1939. ಆಣೆ ಹೋಗಿ ನಯಾ ಪೈಸೆ ಬಂದಿದ್ದು 1957. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973. ಇಂದಿರಾ ಗಾಂಧಿ ಸತ್ತಿದ್ದು 1984. ಕಾವೇರಿ ಗಲಾಟೆ 1991. ರಾಜ್‌ಕುಮಾರ್ ಅಪಹರಣ ಆಗಿ ಊರೆಲ್ಲ ಟಿವಿ ಮುಂದೆ ಕೂತಿದ್ದು 2000. "ನಿಮ್ಮ ದೊಡ್ಡ ಮಗ ಹುಟ್ಟಿದಾಗ ಅಂಗಡಿಯಲ್ಲಿ ಆಣೆ ನಡೀತಿತ್ತಾ, ಪೈಸೆನಾ?" ಅಂತ ಕೇಳಿದರೆ ತಟ್ಟನೆ ಉತ್ತರ ಬರುತ್ತೆ.

ಆದರೆ ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೆ. ಅಜ್ಜಿಯ ತಂಗಿ "ಅಕ್ಕ ಹುಟ್ಟಿದ್ದು ದೊರೆ ತೀರಿಕೊಂಡ ವರ್ಷ" ಅಂದರು. ಸರಿ ಅಂತ ಬರೆದುಕೊಂಡೆ. ಇನ್ನೊಂದು ಮನೆಯಲ್ಲಿ "ನಿಮ್ ಚಿಕ್ಕಪ್ಪ ಹುಟ್ಟಿದ್ದೂ ದೊರೆ ತೀರಿಕೊಂಡ ವರ್ಷವೇ" ಅಂದರು. ಒಂದೇ ವರ್ಷ ತಾಯಿ ಮಗ ಇಬ್ಬರೂ ಹುಟ್ಟೋಕೆ ಆಗುತ್ತಾ? ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದು 1940ರ ಆಗಸ್ಟಿನಲ್ಲಿ. ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರಿನಲ್ಲಿ. ಹಳಬರಿಗೆ ಇಬ್ಬರೂ ದೊರೆಯೇ. ಯಾವ ದೊರೆ ಅಂತ ಕೇಳಲೇಬೇಕು.

ಇಷ್ಟಾದ ಮೇಲೂ ಎರಡು ವರ್ಷ ಆಚೀಚೆ ಆಗುತ್ತೆ. ಆಗಲಿ. "1940ರ ಸುಮಾರಿಗೆ" ಅಂತ ಬರೆಯಿರಿ, ಸುಮ್ನೆ ತಾರೀಖು ಹುಟ್ಟಿಸಬೇಡಿ.

ಪದ ಮತ್ತು ಪಾವು

ಸೋಬಾನೆ ಪದ ಒಬ್ಬರನ್ನೇ ಕೂರಿಸಿ ಹೇಳಿಸೋಕೆ ಆಗಲ್ಲ. ಒಬ್ಬರು ಎತ್ತಿಕೊಡಬೇಕು, ಮಿಕ್ಕವರು ಸೊಲ್ಲು ಹಿಡಿಯಬೇಕು. ಸೊಲ್ಲು ಹಿಡಿಯುವವರಿಲ್ಲದಿದ್ದರೆ ಎಂಥವರಿಗೂ ಮೂರನೇ ಸಾಲಿಗೆ ಮರೆತುಹೋಗುತ್ತೆ. ಅಜ್ಜಿಯ ಜೊತೆ ಹಾಡುತ್ತಿದ್ದವರಲ್ಲಿ ನಾಲ್ಕು ಜನ ಉಳಿದಿದ್ದರು. ನಾಲ್ವರನ್ನೂ ಒಂದೇ ಜಗಲಿಗೆ ಸೇರಿಸೋಕೆ ನನಗೆ ಎರಡು ತಿಂಗಳು ಹಿಡಿಯಿತು, ಒಬ್ಬರಿಗೂ ಇನ್ನೊಬ್ಬರಿಗೂ ಮಾತಿರಲಿಲ್ಲ, ಅದೇನೋ ಹಳೇ ಬದುವಿನ ಜಗಳ. ಪದ ಶುರುವಾದ ಮೇಲೆ ಜಗಳ ಎಲ್ಲಿ ಹೋಯಿತೋ!

ರೆಕಾರ್ಡ್ ಮಾಡುವಾಗ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಫ್ಯಾನ್ ಆಫ್ ಮಾಡಿ. ಫೋನನ್ನು ನೆಲದ ಮೇಲೆ ಹಾಗೇ ಇಡಬೇಡಿ, ಟವೆಲ್ ಮಡಿಚಿ ಅದರ ಮೇಲಿಡಿ. ಅವತ್ತೇ ರಾತ್ರಿ ಇನ್ನೊಂದು ಕಡೆ ಕಾಪಿ ಮಾಡಿಕೊಳ್ಳಿ. ನನ್ನ ಫೋನಲ್ಲಿ ಜಾಗ ತುಂಬಿ ನಲವತ್ತು ನಿಮಿಷದ್ದು ಉಳಿಯಲೇ ಇಲ್ಲ, ಯಾರಿಗೂ ಹೇಳಿಕೊಳ್ಳೋಕೆ ಆಗದಷ್ಟು ನಾಚಿಕೆ ಆಯಿತು, ಮತ್ತೆ ಹೋಗಿ ಹಾಡಿಸಿದೆ. ಬರೆದುಕೊಳ್ಳುವಾಗ ಬಾಯಿಂದ ಬಂದ ಹಾಗೇ ಬರೆಯಿರಿ. "ಅಣ್ಣು" ಅಂದರೆ "ಅಣ್ಣು", ಅದನ್ನು ತಿದ್ದಿ "ಹಣ್ಣು" ಮಾಡಿದರೆ ಪದ ಕುಂಟುತ್ತೆ.

ಅಡುಗೆ ಇನ್ನೂ ಕಷ್ಟ. ಉಪ್ಸಾರಿನ ಖಾರಕ್ಕೆ ಎಷ್ಟು ಜೀರಿಗೆ ಅಂದರೆ "ಒಂಚೂರು", ಎಷ್ಟು ಹುಣಸೆಹಣ್ಣು ಅಂದರೆ "ನೋಡ್ಕೊಂಡು". ಕೇಳಿ ಪ್ರಯೋಜನ ಇಲ್ಲ. ಅವಳಿಂದ ಕಲಿತವರ ಕೈಲಿ ಮಾಡಿಸಿ, ಡಬ್ಬಿಯನ್ನು ಮೊದಲು ಒಂದು ಸಲ ತೂಗಿ, ಹಾಕಿದ ಮೇಲೆ ಇನ್ನೊಂದು ಸಲ ತೂಗಿ, ಕಳೆಯಿರಿ. ಅವರಿಗೆ ನಗು ಬರುತ್ತೆ, ಬರಲಿ. ದೊಡ್ಡ ಊಟದ ಲೆಕ್ಕ ಕೇಳಿದರೆ ಪಾವು, ಅಚ್ಚೇರು, ಸೇರು, ಪಲ್ಲ ಅಂತ ಬರುತ್ತೆ. ನಾಲ್ಕು ಪಾವಿಗೆ ಒಂದು ಸೇರು, ಅಚ್ಚೇರು ಅದರಲ್ಲಿ ಅರ್ಧ, ನೂರು ಸೇರಿಗೆ ಒಂದು ಪಲ್ಲ. ಇವನ್ನು ಕೇಜಿಗೆ ತಿರುಗಿಸಬೇಡಿ, ಇದ್ದ ಹಾಗೇ ಬರೆದು ಪಕ್ಕದಲ್ಲಿ ಕೇಜಿ ಹಾಕಿ.

ನೆನಪು ಬರದೆ ಇದ್ದವರನ್ನು ಒಂದು ಸಲ ರಾಮನಗರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗಿ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲದ ಕಡೆಯವರೇ. ಅಲ್ಲಿ ಹಳೇ ಅಡುಗೆ ಮನೆ ಸಾಮಾನು, ಬೇಸಾಯದ ಸಾಮಾನು ಜೋಡಿಸಿಟ್ಟಿದ್ದಾರೆ. ಮನೇಲಿ ಬಾಯಿ ಬಿಡದ ನಮ್ಮತ್ತೆ ಅಲ್ಲಿ ಬೀಸೋ ಕಲ್ಲಿನ ಮುಂದೆ ನಿಂತುಕೊಂಡು ಅರ್ಧ ಗಂಟೆ ಅಜ್ಜಿಯ ಕಥೆ ಹೇಳಿದರು, ಪಕ್ಕದಲ್ಲಿದ್ದ ಸ್ಕೂಲ್ ಮಕ್ಕಳೂ ಕೇಳಿಸಿಕೊಂಡರು.

ಎಲ್ಲವನ್ನೂ ಬರೆಯಬೇಕಾ?

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ನೆನಪಿದೆ ಅಲ್ವಾ? ಅವರ ಕೈಯಲ್ಲಿ ಸಾವಿರಾರು ಹೆರಿಗೆ ಆಗಿದ್ದವು. ನಮ್ಮಜ್ಜಿಯದು ಅಷ್ಟಿರಲಿಕ್ಕಿಲ್ಲ. ಎಷ್ಟು ಅಂತ ತಿಳಿಯೋಕೆ ಒಂದೇ ದಾರಿ, ಬೀದಿ ಬೀದಿ ಸುತ್ತಿ "ನಿಮ್ಮನೇಲಿ ಯಾರ್ಯಾರು?" ಅಂತ ಕೇಳೋದು. ನಾನು 143 ಹೆಸರು ಬರೆದುಕೊಂಡೆ. ಹೊರಗಿನ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದು ಸಿಕ್ಕಿಲ್ಲ.

ಈ ಕೆಲಸದಲ್ಲಿ ಕೇಳಬಾರದ್ದೂ ಕಿವಿಗೆ ಬೀಳುತ್ತೆ. ಸೂಲಗಿತ್ತಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತೆ. ಯಾವುದೋ ಹುಡುಗಿಯ ವಿಷಯ, ಯಾವುದೋ ಮಗುವಿನ ವಿಷಯ. ಅಂಥ ಮಾತು ಬಂದ ತಕ್ಷಣ ನಾನು ರೆಕಾರ್ಡಿಂಗ್ ನಿಲ್ಲಿಸಿ, ನಿಲ್ಲಿಸಿದ್ದೀನಿ ಅಂತ ಅವರಿಗೆ ತೋರಿಸುತ್ತಿದ್ದೆ. ಅಜ್ಜಿ ಐವತ್ತು ವರ್ಷ ಬಾಯಿ ಬಿಡದ ವಿಷಯವನ್ನು ಬಿಡೋಕೆ ನಾನ್ಯಾರು? ಮದ್ದಿನ ವಿಷಯವೂ ಸ್ವಲ್ಪ ಹುಷಾರು. ಬಾಣಂತಿಗೆ ಏನು ಕೊಡುತ್ತಿದ್ದಳು, ಹಸುವಿಗೆ ಏನು ಅರೆದು ಹಾಕುತ್ತಿದ್ದಳು ಅಂತ ಬರೆಯಿರಿ, ಆದರೆ ಓದಿದವರು ಮಾಡಿ ನೋಡುವ ಹಾಗೆ ಅಳತೆ ಸಮೇತ ಬರೆಯಬೇಡಿ.

ಅವರ ತಪ್ಪು ಮಾತ್ರ ಬಿಡಬೇಡಿ. ನಮ್ಮಜ್ಜಿ ಪಕ್ಕದ ಕೇರಿಗೂ ಹೆರಿಗೆಗೆ ಹೋಗುತ್ತಿದ್ದಳು, ಎಷ್ಟೊತ್ತಿಗೆ ಕರೆದರೂ. ಆದರೆ ವಾಪಸ್ ಬಂದು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡೇ ಒಳಗೆ ಬರುತ್ತಿದ್ದಳು. ಹೆರಿಗೆ ಮಾಡಿಸಿದ ಎಲ್ಲಾ ಮನೆಯಿಂದ ಬಂದರೂ ಹಾಗೇ ಮಾಡುತ್ತಿದ್ದಳು ಅಂತ ನಮ್ಮತ್ತೆ ವಾದ. ನಾನು ಆ ಕೇರಿಗೇ ಹೋಗಿ ಕೇಳಿದೆ. ಅಲ್ಲಿನ ಒಬ್ಬ ಅಜ್ಜಿ, ಏನೂ ಕಹಿ ಇಲ್ಲದೆ, ಬೀಡಿ ಆರಿಸಿಟ್ಟು ಹೇಳಿದರು: "ಬರೋರು. ಮಗೀನ ಎತ್ಕೊಂಡ್ ಮುದ್ದಾಡೋರು. ನನ್ ಮೂರೂ ಮಕ್ಳೂ ಅವ್ರ ಕೈಯಾಗೇ ಉಟ್ಟಿದ್ದು. ನೀರ್ ಮಾತ್ರ ಕುಡೀತಿರ್ಲಿಲ್ಲ. ಕಡೇಕಡೇಲಿ ಟೀ ಕುಡಿಯೋರು." ನಾನು ಇದನ್ನು ಹೀಗೇ ಬರೆದೆ, ಮೇಲೆ ಒಂದು ಮಾತು ಸೇರಿಸಲಿಲ್ಲ. ಅತ್ತೆ ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಬರೆಯೋದು, ಅಚ್ಚು ಹಾಕಿಸೋದು

ಹುಟ್ಟಿದ್ದರಿಂದ ಶುರು ಮಾಡಿ ಸಾವಿನವರೆಗೆ ಸಾಲಾಗಿ ಬರೆಯೋಕೆ ಹೋದರೆ ಮೂರನೇ ಪುಟಕ್ಕೆ ನಿಮಗೇ ಬೇಜಾರಾಗುತ್ತೆ. ಒಂದೊಂದು ಕೆಲಸಕ್ಕೆ ಒಂದೊಂದು ಭಾಗ ಮಾಡಿ. ಹೆರಿಗೆ ಒಂದು, ಪದ ಒಂದು, ಚೀಟಿ ಒಂದು, ಬೈಗುಳ ಒಂದು. ಬೈಗುಳದ ಭಾಗವನ್ನು ಜನ ಮೊದಲು ಓದುತ್ತಾರೆ, ಬರೆದಿಟ್ಟುಕೊಳ್ಳಿ. ಹೇಳಿದವರ ಮಾತನ್ನು ಅವರ ಬಾಯಲ್ಲೇ ಬಿಡಿ. ಹೆಸರು ಹಾಕಬೇಕಾದರೆ ಒಬ್ಬೊಬ್ಬರನ್ನೂ ಕೇಳಿ ಹಾಕಿ, ಬೇಡ ಅಂದರೆ "ಕೆಳಗಿನ ಬೀದಿಯವರು" ಅಂತ ಸಾಕು.

"ಮಮತಾಮಯಿ" ಅಂತ ಬರೆಯಬೇಕು ಅನ್ನಿಸಿದಾಗೆಲ್ಲ ಆ ಜಾಗದಲ್ಲಿ ಅವಳು ಮಾಡಿದ ಒಂದು ಕೆಲಸ ಬರೆಯಿರಿ.

ನಂದು ಅರವತ್ತೆರಡು ಪುಟ ಆಯಿತು. ಮೈಸೂರಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ನಲವತ್ತು ಪುಸ್ತಕ ಮಾಡಿಸಿದೆ. ದೊಡ್ಡ ಅಕ್ಷರ ಹಾಕಿಸಿ, ಓದುವವರಿಗೆ ಕನ್ನಡಕ ಇರುತ್ತೆ. ಓದು ಬಾರದವರಿಗೆ ಪದಗಳ ರೆಕಾರ್ಡಿಂಗನ್ನು ಅವರ ಮೊಮ್ಮಕ್ಕಳ ಫೋನಿಗೆ ಹಾಕಿಕೊಡಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅವತ್ತು ಎಲ್ಲರೂ ಊರಲ್ಲಿರುತ್ತಾರೆ, ಹಂಚೋಕೆ ಅದೇ ಸರಿ.

ಕೊನೆಯಲ್ಲಿ ಹತ್ತು ಖಾಲಿ ಹಾಳೆ ಬಿಡಿ, ಒಂದು ಪೆನ್ನೂ ಕಟ್ಟಿ ಕೊಡಿ. ಬಿಟ್ಟುಹೋಗಿದ್ದು, ತಪ್ಪಿದ್ದು ಬರೆದು ಮುಂದಿನ ಅಮಾವಾಸ್ಯೆಗೆ ವಾಪಸ್ ಕೊಡಿ ಅಂತ ಹೇಳಿ. ಮೊದಲು ವಾಪಸ್ ಬಂದಿದ್ದು ನಮ್ಮತ್ತೆಯದ್ದು. ಕೇರಿಯ ಪುಟಕ್ಕೆ ಅಡ್ಡಗೀಟು ಹಾಕಿರುತ್ತಾರೆ ಅಂದುಕೊಂಡೇ ತೆಗೆದೆ. ಅಲ್ಲೇನೂ ಬರೆದಿರಲಿಲ್ಲ. ಉಪ್ಸಾರಿನ ಖಾರದ ಪುಟದಲ್ಲಿ ಮಾತ್ರ, ಹಸಿಮೆಣಸಿನಕಾಯಿ ಹುರಿಯಬಾರದು, ಕೆಂಡದ ಮೇಲೆ ಸುಡಬೇಕು ಅಂತ ಎರಡು ಸಲ ಗೆರೆ ಎಳೆದಿದ್ದರು. ತಿದ್ದಿದ್ದೇನೆ. ಇನ್ನೂ ಇಪ್ಪತ್ತೊಂಬತ್ತು ಪುಸ್ತಕ ವಾಪಸ್ ಬರಬೇಕು.